ಮುಂಡಪ್ಪನವರ ಎಂಟು ಜಿಬಿ

ಅಂಗಡಿಯವರ ಭಾಷೆಯಲ್ಲಿ ಅದರ ಹೆಸರು ರ‍್ಯಾಮ್. ಯಜ್ಞೇಶ್ವರನ ಭಾಷೆಯಲ್ಲಿ ಹಗಲುದರೋಡೆ. ಅಂಗೈ ಉದ್ದದ, ಎರಡು ಬೆರಳು ಅಗಲದ ಒಂದು ಹಸಿರು ತುಂಡು, ಅದರ ಮೇಲೆ ಸಾಲಾಗಿ ಕೂತ ಕರಿಯ ಚೌಕಗಳು. ಕಂಪ್ಯೂಟರಿನ ಮೆಮರಿ ಎಂದರೆ ಇಷ್ಟೇ. ಎರಡು ಜಿಬಿಯದ್ದೂ ಹಾಗೆಯೇ ಕಾಣುತ್ತದೆ, ಎಂಟು ಜಿಬಿಯದ್ದೂ ಹಾಗೆಯೇ ಕಾಣುತ್ತದೆ. ಆದರೂ ಚಿಕ್ಕದರ ಬದಲು ದೊಡ್ಡದನ್ನು ಹಾಕಿ ಕೊಡಲು ಡೊಂಬಿವಲಿ ಸ್ಟೇಷನ್ ಪಕ್ಕದ ಕಂಪ್ಯೂಟರ್ ಅಂಗಡಿಯ ಪರೇಶ್‌ಭಾಯಿ ನಾಲ್ಕು ಸಾವಿರ ಹೆಚ್ಚಿಗೆ ಕೇಳಿದ್ದ.

ಯಜ್ಞೇಶ್ವರ ರಬಾಳೆಯ ಪಂಪ್ ಕಾರ್ಖಾನೆಯೊಂದರಲ್ಲಿ ಖರೀದಿ ವಿಭಾಗದ ಅಧಿಕಾರಿ. ಮಾರುವವರ ಬಾಯಿಂದಲೇ ರೇಟು ಇಳಿಸುವುದು ಅವನ ನಿತ್ಯದ ಕೆಲಸ. ಅವನೆದುರು ಕೂತ ಸಪ್ಲೈಯರುಗಳು ಚಹಾ ಆರುವ ಮೊದಲೇ ಒಂದು ಮೆಟ್ಟಿಲು ಇಳಿದಿರುತ್ತಿದ್ದರು. ಪರೇಶ್‌ಭಾಯಿ ಮಾತ್ರ ಇಳಿಯಲಿಲ್ಲ. "ಸಾಬ್, ಮೆಮರಿ ಕಾ ಭಾವ್ ಸೋನೇ ಜೈಸಾ ಹೈ. ಆಜ್ ಲೇಲೋ, ಕಲ್ ಔರ್ ಬಢೇಗಾ" ಎಂದು, ಮೆಮರಿಯ ಬೆಲೆ ಚಿನ್ನದ ಹಾಗೆ, ನಾಳೆ ಇನ್ನೂ ಏರುತ್ತದೆ ಎಂದು ಹೆದರಿಸಿ ಹಲ್ಲು ಕಿರಿದ. ಯಜ್ಞೇಶ್ವರ ಒಂದು ಶನಿವಾರ ರಜೆ ಹಾಕಿ ಲ್ಯಾಮಿಂಗ್ಟನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳನ್ನೂ ಸುತ್ತಿ ಬಂದ. ಆ ವರ್ಷ, ಅಂದರೆ ಎರಡು ಸಾವಿರದ ಹದಿನಾಲ್ಕರಲ್ಲಿ, ಎಲ್ಲ ಕಡೆಯೂ ಅದೇ ರಾಗ, ಅದೇ ತಾಳ.

ಕೊನೆಗೆ ಅವನು ಎರಡು ಜಿಬಿಯನ್ನೇ ಕೊಂಡ. ದುಡ್ಡಿರಲಿಲ್ಲ ಎಂದಲ್ಲ. ಮೋಸದ ರೇಟಿಗೆ ತಲೆ ಬಾಗಿಸುವುದು ಅವನ ಜಾಯಮಾನವಲ್ಲ. ಹಟ ಗೆದ್ದಿತು, ಮಗಳು ಸೋತಳು.

ಮಗಳು ಪ್ರಣೀತಾ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಅನಿಮೇಶನ್ ಕಲಿಯುತ್ತಿದ್ದಳು. ಪರೀಕ್ಷೆಗೆಂದು ಅವಳೊಂದು ಕಾಗೆಯ ಚಿತ್ರ ಮಾಡುತ್ತಿದ್ದಳು. ಕಾಗೆ ಬಾಲ್ಕನಿಯಿಂದ ಹಪ್ಪಳ ಕದ್ದುಕೊಂಡು ಹಾರಿ ಹೋಗಬೇಕು, ಅಷ್ಟೇ ಕತೆ. ಎರಡು ಜಿಬಿಯ ಕಂಪ್ಯೂಟರಿನಲ್ಲಿ ಆ ಕಾಗೆ ಹಪ್ಪಳ ಕಚ್ಚುತ್ತಿತ್ತು, ರೆಕ್ಕೆ ಬಿಚ್ಚುತ್ತಿತ್ತು, ಆಮೇಲೆ ಆಕಾಶದ ನಡುವೆ ಹಾಗೆಯೇ ನಿಂತುಬಿಡುತ್ತಿತ್ತು. "ಪಪ್ಪಾ, ದೋ ಜಿಬಿ ಮೇ ಕುಛ್ ನಹೀ ಹೋತಾ" ಎಂದು, ಎರಡರಲ್ಲಿ ಏನೂ ಆಗದೆಂದು ಹೇಳಿ, ಹುಡುಗಿ ಮುಖ ಆ ಕಡೆ ತಿರುಗಿಸಿಕೊಂಡಳು. ಅಳುವುದನ್ನು ತೋರಿಸಬಾರದೆಂದು ತಿರುಗಿಸಿದ್ದು. ಯಜ್ಞೇಶ್ವರನಿಗೆ ಅದು ತಿಳಿಯಿತು. ಅಂದಮೇಲೆ ಈಗ ಹೋಗಿ ನಾಲ್ಕು ಸಾವಿರ ಕೊಟ್ಟು ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪರೇಶ್‌ಭಾಯಿಯ ಆ ಹಲ್ಲುಗಳನ್ನು ನೀವು ನೋಡಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಅವನು ಕಳ್ಳನಾಗುತ್ತಿರಲಿಲ್ಲ. ಆದರೆ ಅದೇ ವಾರ ಡೊಂಬಿವಲಿಯ ಕನ್ನಡ ಸಂಘಕ್ಕೂ ಒಂದು ಹೊಸ ಕಂಪ್ಯೂಟರ್ ಬಂತು. ಹನ್ನೆರಡು ವರ್ಷಗಳಿಂದ ಸಂಘದ ಕಾರ್ಯದರ್ಶಿ ಯಜ್ಞೇಶ್ವರನೇ. ಸಂಘದ ಅಂಚೆಚೀಟಿಯನ್ನು ಸ್ವಂತ ಕಾಗದಕ್ಕೆ ಒಮ್ಮೆಯೂ ಅಂಟಿಸದವನು ಎಂದು ಅವನ ಖ್ಯಾತಿ. ಬರುವ ಮಹಾಸಭೆಯಲ್ಲಿ ಅವನನ್ನೇ ಅಧ್ಯಕ್ಷನನ್ನಾಗಿ ಮಾಡುವುದೆಂದು ಹಿರಿಯರೆಲ್ಲ ಒಪ್ಪಿಯಾಗಿತ್ತು. ಆ ಕುರ್ಚಿಯ ಮೇಲೆ ಅವನಿಗೆ ಬಹಳ ವರ್ಷಗಳಿಂದ ಕಣ್ಣಿತ್ತು, ಬಾಯಲ್ಲಿ ಮಾತ್ರ "ನನಗೆ ಎಂತಕ್ಕೆ ಮಾರಾಯ್ರೆ" ಎನ್ನುತ್ತಿದ್ದ.

ಎರಡೂ ಕಂಪ್ಯೂಟರುಗಳನ್ನು ಅವನೇ ಒಟ್ಟಿಗೆ ಚೌಕಾಸಿ ಮಾಡಿ ತಂದಿದ್ದರಿಂದ ಎರಡೂ ಅವಳಿಜವಳಿ. ಅದೇ ಪೆಟ್ಟಿಗೆ, ಅದೇ ಒಳಾಂಗ. ಸಂಘದ್ದನ್ನು ದಾನ ಕೊಟ್ಟವರು ಗುಣಪಾಲ ಎಂಬ ಸಾರಿಗೆ ಉದ್ಯಮಿ. ಅವರ ಹೆಸರನ್ನು ಪೆಟ್ಟಿಗೆಯ ಮೇಲೆ ಹಳದಿ ಬಣ್ಣದಲ್ಲಿ ಬರೆಸಲಾಯಿತು. ಅದನ್ನು ನೋಡಿ ಠಾಣೆಯ ಹೋಟೆಲ್ ಮಾಲಕ ಮುಂಡಪ್ಪನವರಿಗೆ ತಡೆಯಲಾಗಲಿಲ್ಲ. ಸಂಘದ ಫ್ಯಾನು, ಗಡಿಯಾರ, ನೀರಿನ ಕೂಲರ್, ಎಲ್ಲದರ ಮೇಲೂ ಅವರ ಹೆಸರೇ ಇತ್ತು. ಕಂಪ್ಯೂಟರ್ ಕೈತಪ್ಪಿತಲ್ಲ ಎಂದು ಅವರು ನೇರ ಪರೇಶ್‌ಭಾಯಿಯ ಅಂಗಡಿಗೇ ಹೋಗಿ, ಅದಕ್ಕೆ ಇನ್ನೇನು ಕೊಡಬಹುದು ಎಂದು ಕೇಳಿದರು. ಮೆಮರಿ ಹೆಚ್ಚಿಸಬಹುದು ಎಂದ ಅವನು.

"ಹಾಗಾದ್ರೆ ಎಲ್ಲಕ್ಕಿಂತ ದೊಡ್ಡದು ಹಾಕಿ. ನಮ್ಮ ಅಮ್ಮನ ಹೆಸರಲ್ಲಿ ಕೊಡುವುದು, ಸಣ್ಣದು ಬೇಡ" ಎಂದರು ಮುಂಡಪ್ಪ.

ಹೀಗೆ ಸಂಘದ ಕಂಪ್ಯೂಟರಿಗೆ ಎಂಟು ಜಿಬಿ ಕೂತಿತು. ಅದನ್ನು ಬಳಸುವವರು ಒಬ್ಬರೇ, ವಿಜಾಪುರದ ಕಡೆಯ ನಿವೃತ್ತ ನೌಕರ ಶಂಕ್ರೆಪ್ಪ. ಅವರು ಸಂಘದ ಆಮಂತ್ರಣ ಪತ್ರಿಕೆಗಳನ್ನು ಒಂದೇ ಬೆರಳಿನಿಂದ ಟೈಪು ಮಾಡುತ್ತಿದ್ದರು. "ಇದರ ಓಟ ಭಾಳ ಐತ್ರಿ ಸರ. ನಾ ಮುಂದಿನ ಅಕ್ಷರ ಹುಡುಕೂದರಾಗ ಅದು ನನ್ನ ಹಾದಿ ಕಾಯ್ಕೋತ ಕುಂತಿರ್ತೈತಿ" ಎಂದು ಹೊಗಳಿದರು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಯಜ್ಞೇಶ್ವರ ಬೆಳಿಗ್ಗೆಯ ಲೋಕಲ್‌ನಲ್ಲಿ ಜನರ ಮಧ್ಯೆ ನೇತಾಡುತ್ತಾ ಈ ಗಾದೆಯನ್ನೇ ನೆನೆದ. ಠಾಣೆಯಲ್ಲಿ ರೈಲು ಬದಲಿಸುವಾಗಲೂ ನೆನೆದ. ರಬಾಳೆ ತಲುಪುವಷ್ಟರಲ್ಲಿ ಗಾದೆ ಹೋಗಿ ಯೋಜನೆಯಾಗಿತ್ತು. ಎಂಟು ಜಿಬಿ ಇತ್ತ ಬರಲಿ, ಎರಡು ಜಿಬಿ ಅತ್ತ ಹೋಗಲಿ. ಆಮಂತ್ರಣ ಟೈಪು ಮಾಡಲು ಎರಡು ಜಿಬಿಯೇ ಹೆಚ್ಚು. ಯಾರಿಗೂ ನಷ್ಟವಿಲ್ಲ, ಕಾಗೆ ಹಾರುತ್ತದೆ. ಇದು ಕಳ್ಳತನವೇ ಅಲ್ಲ, ವಸ್ತು ಸರಿಯಾದ ಜಾಗಕ್ಕೆ ಹೋಗುವುದು ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡ. ಕಡಿಮೆ ರೇಟಿಗೆ ಒಪ್ಪಿಸುವುದರಲ್ಲಿ ಅವನು ಮೊದಲೇ ನಿಪುಣ.

ಎಲ್ಲವನ್ನೂ ಅವನು ಖರೀದಿಯ ಶಿಸ್ತಿನಲ್ಲೇ ಯೋಚಿಸಿದ. ಸಂಘದ ಪೆಟ್ಟಿಗೆಯ ಹಿಂಬದಿಗೆ ಪರೇಶ್‌ಭಾಯಿ ಗ್ಯಾರಂಟಿಯ ಕಾಗದದ ಸೀಲು ಅಂಟಿಸಿದ್ದ. ಅದು ಹರಿಯಬಾರದು. ಪ್ರಣೀತಾಳ ಹೇರ್ ಡ್ರೈಯರಿನಿಂದ ಬಿಸಿಗಾಳಿ ಊದಿದರೆ ಅಂಟು ಮೆತ್ತಗಾಗಿ ಸೀಲು ಇಡಿಯಾಗಿ ಬಿಡುತ್ತದೆ. ಉಪ್ಪಿನಕಾಯಿ ಬಾಟಲಿಯ ಲೇಬಲಿನ ಮೇಲೆ ಅವನು ಪರೀಕ್ಷೆ ಮಾಡಿ ನೋಡಿದ. ಮನೆಯ ಕಂಪ್ಯೂಟರಿಗೆ ಸೀಲೇ ಇರಲಿಲ್ಲ. ಅಂಗಡಿಯಲ್ಲಿ ಜೋಡಿಸಿದರೆ ಹಳೆಯ ಸಾಮಾನು ತುರುಕುತ್ತಾರೆ ಎಂಬ ಗುಮಾನಿಯಿಂದ, ಬಿಡಿಭಾಗಗಳನ್ನು ಡಬ್ಬಿಯಲ್ಲೇ ಮನೆಗೆ ತರಿಸಿ, ಮರುದಿನ ಟೆಕ್ನಿಶಿಯನ್‌ನನ್ನು ಮನೆಗೇ ಕರೆಸಿ ಜೋಡಿಸಿದ್ದ. ಆ ದಿನ ಅವನಿಗೆ ರಜೆ ಸಿಕ್ಕಿರಲಿಲ್ಲ. ಹಾಗಾಗಿ ಹಿಂದಿನ ಸಂಜೆ ಹೆಂಡತಿ ಜಯಲತಾಳನ್ನು ಕೂರಿಸಿಕೊಂಡು, ಆ ಹಸಿರು ತುಂಡನ್ನು ಕೈಗೆ ಕೊಟ್ಟು, ದೊಡ್ಡ ಪಾಠವನ್ನೇ ಮಾಡಿದ್ದ.

"ನೋಡು, ಕಳ್ಳರ ಕಣ್ಣಿರುವುದೇ ಇದರ ಮೇಲೆ. ನೀನು ಅತ್ತ ತಿರುಗಿದರೆ ಸಾಕು, ಇದನ್ನು ಜೇಬಿಗೆ ಹಾಕಿ ಹಳೆಯದನ್ನು ಕೂರಿಸ್ತಾರೆ. ಎಲ್ಲ ಒಂದೇ ಥರ ಕಾಣ್ತದೆ, ನಿನಗೆ ಗೊತ್ತೂ ಆಗುವುದಿಲ್ಲ."

"ಗೊತ್ತಾಗ್ತದೆ" ಎಂದಿದ್ದಳು ಜಯಲತಾ. ಹೆಚ್ಚು ಮಾತಾಡದೆ ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ನಡೆದಿದ್ದಳು.

ಯಜ್ಞೇಶ್ವರ ಒಳಗೊಳಗೇ ನಕ್ಕಿದ್ದ. ಜಯಲತಾ ಒಳ್ಳೆಯ ಹೆಂಗಸು, ಆದರೆ ಅವಳ ಲೆಕ್ಕಾಚಾರ ಅವನಿಗೆ ಎಂದೂ ಹಿಡಿಸಿದ್ದಿಲ್ಲ. ಉಗುರಿಗೆ ಬಣ್ಣ ಹಚ್ಚುವವಳೇ ಅಲ್ಲ. ಆದರೂ ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಡಬ್ಬಿಯ ಪಕ್ಕ ಒಂದು ಕೆಂಪು ನೇಲ್ ಪಾಲಿಶ್ ಬಾಟಲಿ ಸದಾ ಇರಬೇಕು, ಮುಗಿದರೆ ಇನ್ನೊಂದು ಬರಬೇಕು. ದಂಡದ ಖರ್ಚು ಎಂದು ಅವನು ಎಷ್ಟೋ ಸಲ ಗೊಣಗಿದ್ದ. ಅದೃಷ್ಟ ಮಾತ್ರ ಅವಳದ್ದು ಗಟ್ಟಿ. ಸಂಘದ ಊಟಕ್ಕೆ ಎಲ್ಲರ ಮನೆಯಿಂದ ಪಾತ್ರೆ ಬರುವುದು ರೂಢಿ. ಊಟ ಮುಗಿದ ಮೇಲೆ ಯಾರ ಸೌಟು ಯಾರ ಮನೆ ಸೇರಿತೋ ದೇವರಿಗೇ ಗೊತ್ತು. ಆದರೆ ಜಯಲತಾಳ ಒಂದು ಚಮಚ ಕೂಡ ಇದುವರೆಗೆ ಕಳೆದಿರಲಿಲ್ಲ. ಪಾತ್ರೆ ತೊಳೆಯುವ ಜಾಗಕ್ಕೆ ಯಜ್ಞೇಶ್ವರ ಹೋದವನಲ್ಲ, ಆ ಹೊತ್ತಿಗೆ ಅವನು ವಂದನಾರ್ಪಣೆ ಮಾಡುತ್ತಿರುತ್ತಿದ್ದ.

ಆಷಾಢದ ಒಂದು ಭಾನುವಾರ ಕಲ್ಯಾಣದಲ್ಲಿ ತಾಳಮದ್ದಲೆ ಇತ್ತು. ಸಂಘಕ್ಕೆ ಸಂಘವೇ ಅತ್ತ ಹೊರಟಿತು. ಜಯಲತಾ ಹೆಂಗಸರ ಗುಂಪಿನೊಂದಿಗೆ ಮಧ್ಯಾಹ್ನವೇ ರೈಲು ಹತ್ತಿದಳು. ಪ್ರಣೀತಾಳಿಗೆ ಠಾಣೆಯಲ್ಲಿ ಕ್ಲಾಸು. ಯಜ್ಞೇಶ್ವರ ಹೊಟ್ಟೆ ಸರಿಯಿಲ್ಲ ಎಂದು ಮಲಗಿದ, ಆಮೇಲೆ ಬರುತ್ತೇನೆ ಎಂದ. ಬಾಗಿಲು ಮುಚ್ಚಿದ ಮೇಲೆ ಎದ್ದು ಸ್ಕ್ರೂಡ್ರೈವರ್ ತೆಗೆದ.

ಮನೆಯ ಪೆಟ್ಟಿಗೆ ಸುಲಭವಾಗಿ ತೆರೆಯಿತು. ಎರಡು ತುದಿಯ ಕೊಕ್ಕೆಗಳನ್ನು ಒತ್ತಿದ ಕೂಡಲೇ ರ‍್ಯಾಮ್ ತಾನಾಗಿ ಮೇಲೆ ಬಂತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಲೇಬಲಿನ ಪಕ್ಕದಲ್ಲಿ ಸಣ್ಣ ಮೂರು ಕೆಂಪು ಚುಕ್ಕೆಗಳು, ಒಂದೇ ಸಾಲಿನಲ್ಲಿ. ಅವನಿಗೆ ತೃಪ್ತಿಯಾಯಿತು. ರಬಾಳೆಯ ಕಾರ್ಖಾನೆಯಲ್ಲಿಯೂ ತಪಾಸಣೆಯಾದ ಬಿಡಿಭಾಗಗಳಿಗೆ ಹೀಗೆಯೇ ಬಣ್ಣದ ಚುಕ್ಕೆ ಇಡುತ್ತಿದ್ದರು. ಮೂರು ಚುಕ್ಕೆ ಎಂದರೆ ಮೂರು ಸಲ ಪಾಸಾದ ಮಾಲು. ಸಂಘಕ್ಕೂ ತಾನು ಕಳಪೆ ವಸ್ತು ಕೊಡುತ್ತಿಲ್ಲವಲ್ಲ ಎಂದು ಸಮಾಧಾನಪಟ್ಟು, ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಸಂಘದ ಕೋಣೆಯ ಬೀಗದ ಕೈ ಅವನಲ್ಲಿತ್ತು. ಹೌಸಿಂಗ್ ಸೊಸೈಟಿಯ ವಾಚ್‌ಮನ್ ಎಂದಿನಂತೆ ಸಲಾಮು ಹೊಡೆದ. ಕಾರ್ಯದರ್ಶಿ ಸಂಘಕ್ಕೆ ಬಂದರೆ ಯಾರು ಯಾಕೆ ಕೇಳುತ್ತಾರೆ? ಬಿಸಿಗಾಳಿಗೆ ಸೀಲು ಬಿಟ್ಟಿತು. ಮುಂಡಪ್ಪನವರ ಎಂಟು ಜಿಬಿ ಕೈಗೆ ಬಂತು. ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. "ಇಷ್ಟು ದುಡ್ಡಿನ ಮಾಲಿಗೆ ತಪಾಸಣೆಯೇ ಇಲ್ಲ, ನೋಡಿ ಇವರ ಹಣೆಬರಹ" ಎಂದು ಖರೀದಿ ಅಧಿಕಾರಿಯ ಮನಸ್ಸು ಕ್ಷಣ ಸಿಡುಕಿತು. ಎರಡು ಜಿಬಿಯನ್ನು ಅದರ ಜಾಗದಲ್ಲಿ ಒತ್ತಿದ, ಟಕ್ ಎಂದು ಕೂತಿತು. ಸೀಲಿನ ಒಂದು ಮೂಲೆ ಮಾತ್ರ ಸ್ವಲ್ಪ ಸುರುಳಿಯಾಯಿತು. ಉಗುರಿನಿಂದ ತಿಕ್ಕಿ ಅಂಟಿಸಿ, ಮನೆಗೆ ಬಂದು ಎಂಟು ಜಿಬಿಯನ್ನು ಮಗಳ ಪೆಟ್ಟಿಗೆಯಲ್ಲಿ ಕೂರಿಸಿದ.

ಸಂಜೆ ಅವನು ಕಲ್ಯಾಣದಲ್ಲಿ ಮೊದಲ ಸಾಲಿನಲ್ಲಿ ಕೂತು, ಅರ್ಥಧಾರಿಗಳು ಧರ್ಮಸೂಕ್ಷ್ಮವನ್ನು ಬಿಡಿಸಿ ಹೇಳಿದಾಗಲೆಲ್ಲ ತಲೆದೂಗಿದ. ನೋಡಿದವರು ನೂರಾರು ಮಂದಿ.

ಮರುದಿನ ಕಾಗೆ ಹಾರಿತು. ಹಪ್ಪಳ ಕಚ್ಚಿಕೊಂಡು, ಎದುರಿನ ಕಟ್ಟಡದ ನೀರಿನ ಟಾಂಕಿಯನ್ನು ದಾಟಿ, ಎಲ್ಲಿಯೂ ನಿಲ್ಲದೆ ಹೋಯಿತು. ಪ್ರಣೀತಾ ಕುರ್ಚಿಯಿಂದ ಜಿಗಿದು, "ಪಪ್ಪಾ, ಆಠ್ ಜಿಬಿ! ಕೈಸೇ?" ಎಂದು ಅವನ ಕುತ್ತಿಗೆಗೆ ಜೋತುಬಿದ್ದಳು. ಯಜ್ಞೇಶ್ವರನಿಗೆ ಕಣ್ಣಲ್ಲಿ ನೀರು ಬಂತು, ಅದು ಸುಳ್ಳು ನೀರಲ್ಲ. ಈ ಒಂದು ನಗುವಿಗಾಗಿ ಇನ್ನೂ ನಾಲ್ಕು ಪೆಟ್ಟಿಗೆ ಬಿಚ್ಚಿಯೇನು ಎನಿಸಿತು.

"ಅಂಗಡಿಯವನನ್ನು ಬಗ್ಗಿಸಿದೆ. ಕೊನೆಗೂ ನನ್ನ ರೇಟಿಗೆ ಬಂದ" ಎಂದ.

"ಹಳೆಯದು ಎಂತ ಮಾಡಿದ್ರಿ?" ಎಂದು ಒಳಗಿಂದ ಜಯಲತಾ ಕೇಳಿದಳು.

"ಎಕ್ಸ್‌ಚೇಂಜಿಗೆ ಅಂಗಡಿಗೇ ಕೊಟ್ಟೆ. ಅದು ಇಷ್ಟೊತ್ತಿಗೆ ಯಾರ ಮನೆ ಸೇರಿತೋ."

"ಅಯ್ಯೋ, ಕೊಟ್ಟೇ ಬಿಟ್ರಾ" ಎಂದಳು ಅವಳು, ಹಳೆಯ ತಟ್ಟೆ ಮಾರಿದರೂ ಪಡುವಂಥ ಬೇಸರದಲ್ಲಿ.

ಸಂಘದಲ್ಲಿ ಶಂಕ್ರೆಪ್ಪನವರು ಎಂದಿನಂತೆ ಒಂದೇ ಬೆರಳಿನಿಂದ ಶ್ರಾವಣದ ಸತ್ಯನಾರಾಯಣ ಪೂಜೆಯ ಆಮಂತ್ರಣ ಟೈಪು ಮಾಡುತ್ತಿದ್ದರು. "ಮಷೀನು ಈಗ ಇನ್ನೂ ಹದಕ್ಕ ಬಂದೈತ್ರಿ ಸರ. ನನ್ನ ಜೋಡಿ ಹೊಂದ್ಕೊಂಡೈತಿ" ಎಂದರು. ಯಜ್ಞೇಶ್ವರ ಗಂಭೀರವಾಗಿ ತಲೆಯಾಡಿಸಿದ. ಎರಡು ಜಿಬಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ?

ಒಂದೇ ತೊಡಕು ಬಂದದ್ದು ಮುಂಡಪ್ಪನವರಿಂದ. ಪೂಜೆಯ ದಿನ ಕಂಪ್ಯೂಟರಿನ ಉದ್ಘಾಟನೆ ಎಂದು ಗೊತ್ತಾದಾಗ ಅವರು ಸಮಿತಿಯ ಸಭೆಯಲ್ಲಿ ಎದ್ದು ನಿಂತರು. "ಅಲ್ಲ ರಾಯ್ರೆ, ಗುಣಪಾಲರ ಹೆಸರು ಪೆಟ್ಟಿಗೆ ಮೇಲೆ ಉಂಟು, ಎಲ್ಲರಿಗೂ ಕಾಣ್ತದೆ. ನಮ್ಮ ಅಮ್ಮನ ಹೆಸರಲ್ಲಿ ಕೊಟ್ಟದ್ದು ಒಳಗೆ ಕತ್ತಲೆಯಲ್ಲಿ ಉಂಟು. ಯಾರಿಗೆ ಗೊತ್ತಾಗ್ತದೆ? ನಾನು ಆ ಅಂಗಡಿಯವನನ್ನೇ ಕರೆಸ್ತೇನೆ. ಎಂಟು ಜಿಬಿ ಎಲ್ಲಿ ಉಂಟು ಅಂತ ಅವನೇ ಎಲ್ಲರಿಗೂ ತೋರಿಸಲಿ."

ಪರೇಶ್‌ಭಾಯಿ ಬಂದು ಒಂದು ಗುಂಡಿ ಒತ್ತಿದರೆ ಮುಗಿಯಿತು, ಪರದೆಯ ಮೇಲೆ ಎರಡು ಎಂದು ಬರುತ್ತದೆ. ಹನ್ನೆರಡು ವರ್ಷದ ಹೆಸರು ಅಲ್ಲೇ ಮಣ್ಣುಪಾಲು. ಆದರೆ ಮರುಗಳಿಗೆಯಲ್ಲೇ ಯಜ್ಞೇಶ್ವರನ ತಲೆ ಓಡಿತು. ಚಾಪೆಯ ಕೆಳಗೆ ತೂರುವವನಿದ್ದರೆ ತಾನು ರಂಗೋಲಿಯ ಕೆಳಗೆ ತೂರಬೇಕು.

"ಅಂಗಡಿಯವರು ಯಾಕೆ ಮುಂಡಪ್ಪಣ್ಣ? ದೇವರೆದುರು ನಾನೇ ಬಿಚ್ಚಿ ತೋರಿಸ್ತೇನೆ. ವೀಳ್ಯದೆಲೆ ಮೇಲೆ ಇಟ್ಟು ಪೂಜೆ ಮಾಡುವ. ನಿಮ್ಮ ಅಮ್ಮನ ಹೆಸರು ಮೈಕಿನಲ್ಲಿ ಹೇಳುವ. ಎಲ್ಲರೂ ಕಣ್ಣಾರೆ ನೋಡಲಿ."

ಮುಂಡಪ್ಪನವರ ಮುಖ ಅರಳಿತು. ಸಭೆ ಚಪ್ಪಾಳೆ ತಟ್ಟಿತು. ಯಜ್ಞೇಶ್ವರ ಮನೆಗೆ ನಡೆಯುತ್ತಾ ತನ್ನ ಬುದ್ಧಿಗೆ ತಾನೇ ಬೆರಗಾದ. ಸುರುಳಿಯಾದ ಸೀಲನ್ನು ಇನ್ನು ಸಾರ್ವಜನಿಕರೆದುರೇ ಹರಿದು ಬಿಸಾಡಬಹುದು, ಸಾಕ್ಷಿಯೇ ಉಳಿಯುವುದಿಲ್ಲ. ಇನ್ನು ಆ ತುಂಡನ್ನು ನೋಡುವವರು ಯಾರು? ಇಡ್ಲಿ ಹಿಟ್ಟಿನ ಹದ ಗೊತ್ತಿರುವವರು, ಲಾರಿಯ ಟಯರು ಗೊತ್ತಿರುವವರು. ಎರಡಕ್ಕೂ ಎಂಟಕ್ಕೂ ವ್ಯತ್ಯಾಸ ಹೇಳಬಲ್ಲ ಒಂದು ಕಣ್ಣೂ ಆ ಸಭೆಯಲ್ಲಿರುವುದಿಲ್ಲ. ಊರೇ ನೋಡಿದ ಮೇಲೆ, ಆಮೇಲೆ ಯಾರಾದರೂ ಅನುಮಾನಿಸಿದರೆ ಅವರೇ ಹುಚ್ಚರು.

ಪೂಜೆಯ ದಿನ ಕೋಣೆ ತುಂಬಿ ಜನ ಹೊರಗೆ ನಿಂತಿದ್ದರು. ಮಂಗಳಾರತಿ ಆಯಿತು. ಯಜ್ಞೇಶ್ವರ ರೇಷ್ಮೆ ಶಲ್ಯ ಹೊದ್ದು, ಒಂದು ಕೈಯಲ್ಲಿ ಮೈಕು ಹಿಡಿದು, ದಾನದ ಮಹತ್ವದ ಮೇಲೆ ಚಿಕ್ಕದೊಂದು ಭಾಷಣ ಮಾಡಿದ. ಪಾರದರ್ಶಕತೆಯೇ ಈ ಸಂಘದ ಉಸಿರು ಎಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು, ಅಧ್ಯಕ್ಷರೆಂದರೆ ಹೀಗಿರಬೇಕು ಎಂಬಂತೆ. ಅವನು ಸೀಲನ್ನು ಎಲ್ಲರೂ ಕಾಣುವಂತೆ ಹರಿದ, ಸ್ಕ್ರೂ ತೆಗೆದ, ಕೊಕ್ಕೆ ಒತ್ತಿದ. ಹಸಿರು ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹರಿವಾಣದ ವೀಳ್ಯದೆಲೆಯ ಮೇಲೆ ಇಟ್ಟ. "ಇದೇ, ಮುಂಡಪ್ಪಣ್ಣನವರು ತಮ್ಮ ಮಾತೃಶ್ರೀಯವರ ಸ್ಮರಣಾರ್ಥ ಕೊಟ್ಟ ಎಂಟು ಜಿಬಿ" ಎಂದು ಮೈಕಿನಲ್ಲಿ ಸಾರಿದ. ಮುಂಡಪ್ಪನವರು ಕನ್ನಡಕ ಏರಿಸಿ ನೋಡಿ, ಕಣ್ಣೊರೆಸಿಕೊಂಡು, ಕೈಮುಗಿದರು. ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಇನ್ನು ಮುತ್ತೈದೆಯರು ಅರಶಿನ ಕುಂಕುಮ ಹಚ್ಚುವುದಷ್ಟೇ ಬಾಕಿ.

ಮುಂಡಪ್ಪನವರ ಹೆಂಡತಿ ದಮಯಂತಿ ಕುಂಕುಮದ ಬೆರಳು ಮುಂದೆ ಮಾಡಿದವರು, ಅಲ್ಲೇ ತಡೆದು ಬಗ್ಗಿ ನೋಡಿದರು. "ಜಯಲತಕ್ಕ, ಸ್ವಲ್ಪ ಇಲ್ಲಿ ಬನ್ನಿ. ಇದು ನಿಮ್ಮ ಗುರ್ತ ಅಲ್ಲವಾ?" ಹಿಂದೆ ನಿಂತಿದ್ದ ನಾಲ್ಕಾರು ಹೆಂಗಸರು ಕತ್ತು ಚಾಚಿ ನೋಡಿ, ಹೌದು ಹೌದು ಎಂದರು. ಕೆಂಪು ನೇಲ್ ಪಾಲಿಶಿನ ಮೂರು ಚುಕ್ಕೆ. ಕುಕ್ಕರಿನ ಮುಚ್ಚಳದಿಂದ ಹಿಡಿದು ಸೌಟಿನ ಹಿಡಿಯವರೆಗೆ, ಜಯಲತಾಳ ಮನೆಯ ಸಾಮಾನು ಯಾವುದೆಂದು ಸಂಘದ ಪಾತ್ರೆ ತೊಳೆದ ಪ್ರತಿಯೊಬ್ಬ ಹೆಂಗಸಿಗೂ ಹೇಳುತ್ತಿದ್ದ ಗುರುತು. ಜಯಲತಾ ಆರತಿ ತಟ್ಟೆಯನ್ನು ಕೆಳಗಿಟ್ಟು ಬಂದಳು, ಅದನ್ನು ಎತ್ತಿಕೊಂಡಳು, ಕಳೆದುಹೋದ ಸೌಟು ಸಿಕ್ಕಿದ ಸಂಭ್ರಮದಲ್ಲಿ ಮುಖ ಅರಳಿಸಿದಳು. "ನಮ್ಮದೇ ಇದು! ಟೆಕ್ನಿಶಿಯನ್ ಬದಲಾಯಿಸಬಾರ್ದು ಅಂತ ನಾನೇ ಚುಕ್ಕೆ ಇಟ್ಟದ್ದಲ್ಲವಾ" ಎಂದು ಗಂಡನತ್ತ ತಿರುಗಿದಳು. ಅವನ ಕೈಯಲ್ಲಿದ್ದ ಮೈಕು ಇನ್ನೂ ಚಾಲೂ ಇದ್ದುದರಿಂದ ಅವಳ ಮಾತು ಹೊರಗೆ ರಸ್ತೆಯವರೆಗೂ ಸ್ಪಷ್ಟವಾಗಿ ಕೇಳಿಸಿತು: "ಇದನ್ನು ಅಂಗಡಿಗೆ ಕೊಟ್ಟೆ ಅಂದಿದ್ರಲ್ಲ ನೀವು, ಇಲ್ಲಿಗೆ ಹೇಗೆ ಬಂತು?"